ರೆಕಾರ್ಡಿನ ಅಡಿಯ ಹಾಸು

ಧ್ವನಿಮುದ್ರಿಕೆಯನ್ನು ಹೊತ್ತು ತಿರುಗುವ ತಟ್ಟೆಯ ಮೇಲೆ ಏನನ್ನು ಹಾಸಬೇಕೆಂಬ ಪ್ರಶ್ನೆಗೆ ಮಹಾನಗರದ ವರ್ತಕನು ಕೊಡುವ ಉತ್ತರವು, ವಾಡಿಯ ಸಿಮೆಂಟು ಧೂಳಿಗೂ ಚಿತ್ತಾಪುರದ ವೈಶಾಖದ ಬಿಸಿಲಿಗೂ ಸಲ್ಲತಕ್ಕುದಲ್ಲವೆಂಬುದು ಹಲವು ವರ್ಷ ರೆಕಾರ್ಡು ಕೇಳಿದ ನನ್ನ ಅಭಿಪ್ರಾಯ. ಅನೇಕ ಯಂತ್ರಗಳೊಡನೆ ಬರುವ ಫೆಲ್ಟಿನ ಹಾಸು ಬಿಟ್ಟಿಯೇನೋ ಹೌದು. ಆದರೆ ಈ ಸೀಮೆಯ ಒಣಹವೆಯಲ್ಲಿ ವಿನೈಲು ಸಂಚಯಿಸುವ ಸ್ಥಿರವಿದ್ಯುತ್ತಿನಿಂದಾಗಿ ಅದು ರೆಕಾರ್ಡಿನ ಬೆನ್ನಿಗಂಟಿಕೊಂಡು ಮೇಲೆದ್ದು ಬರುವುದಲ್ಲದೆ, ಅದೇ ವಿದ್ಯುತ್ತು ಧೂಳನ್ನು ಗೀರುಗಳೊಳಗೆ ಸೆಳೆದು, ಆಲಾಪದ ನಡುವೆ ಚಟಪಟ ಸದ್ದನ್ನು ಎಬ್ಬಿಸುತ್ತದೆ.

ರಬ್ಬರು ಭಾರವಾದುದು, ಲೋಹದ ತಟ್ಟೆಯ ಝೇಂಕಾರವನ್ನು ಅಡಗಿಸುತ್ತದೆ, ರೆಕಾರ್ಡನ್ನು ಜಾರಗೊಡುವುದಿಲ್ಲ, ಬೇಸಗೆಗಳು ಕಳೆದಂತೆ ಗಡುಸಾಗುವುದೊಂದು ದೋಷ. ಚರ್ಮ ಅಂಚಿನಲ್ಲಿ ಮುರುಟುತ್ತದೆ. ಅಕ್ರಿಲಿಕ್ಕಿನ ಬೆಲೆಗೆ ಈ ಅಂಕಣದಲ್ಲಿ ಸ್ಥಳವಿಲ್ಲ! ಕಾರ್ಕು ಮಾತ್ರ ಫೆಲ್ಟಿನಂತೆ ಅಂಟಿಕೊಳ್ಳದು, ಹಗುರ, ಸುಲಭಲಭ್ಯ: ಸೂಚನಾಫಲಕಕ್ಕೆಂದು ಮಾರುವ ಹಾಳೆಯಿಂದ 12 ಅಂಗುಲಕ್ಕೆ ತುಸು ಕಡಮೆಯ ವೃತ್ತವನ್ನು ಕತ್ತರಿಸಿ, ನಡುವೆ ರಂಧ್ರ ಕೊರೆದರೆ ಆಯಿತು, ನನಗೆ ತಗುಲಿದ ವೆಚ್ಚ ಇನ್ನೂರು ರೂಪಾಯಿಗೂ ಒಳಗಿನದು. ಆದರೆ ದಪ್ಪವು ಹಳೆಯ ಹಾಸಿನಷ್ಟೇ ಇರತಕ್ಕುದು. ಏಕೆಂದರೆ ಹಾಸು ದಪ್ಪವಾದೊಡನೆ ರೆಕಾರ್ಡು ಮೇಲೇರಿ, ಮುಳ್ಳಿನ ತೋಳು ಹಿಂದಕ್ಕೆ ಬಾಗಿ, ಗೀರಿನಲ್ಲಿ ಮುಳ್ಳು ಕೂರುವ ಕೋನವೇ ವ್ಯತ್ಯಾಸವಾಗುತ್ತದೆ, ಮತ್ತು ಅಗ್ಗದ ಯಂತ್ರಗಳಲ್ಲಿ ತೋಳಿನ ಎತ್ತರವನ್ನು ತಿದ್ದುವ ಉಪಾಯವೇ ಇರುವುದಿಲ್ಲ.

ಸಿಕಂದರಾಬಾದಿನ ಮಾರ್ಗವು ಮುಂಬಯಿ–ಚೆನ್ನೈ ಮಾರ್ಗವನ್ನು ಕೂಡುವ ವಾಡಿ ಜಂಕ್ಷನ್ನಿನ ಸಮೀಪ ವಾಸಿಸುವವರಿಗೆ, ಸರಕುಗಾಡಿ ಹಾದಾಗ ನಡುಗುವ ಮೇಜಿನ ಬಾಧೆಯನ್ನು ಯಾವ ಹಾಸೂ ನೀಗಲಾರದು. ಇದಕ್ಕಾಗಿ ಸಾವಿರಾರು ರೂಪಾಯಿಯ ಕಂಪನನಿರೋಧಕ ಪೀಠಗಳನ್ನು ಮಾರುವವರುಂಟು. ಸೇಡಂನ ಎಷ್ಟೋ ಮನೆಗಳ ನೆಲವಾಗಿರುವ ಶಹಾಬಾದಿ ಫರಸಿಯ ಒಂದು ಉಳಿಕೆಯ ತುಂಡನ್ನು, ಅಡಿಗೆ ರಬ್ಬರಿನ ಬಿಲ್ಲೆಗಳನ್ನಿಟ್ಟು, ಯಂತ್ರದ ಕೆಳಗೆ ಹಾಸಿದರೆ ಬಹುಪಾಲು ಕೆಲಸ ನೆರವೇರುವುದು. ಗೋಡೆಗೆ ಬಿಗಿದ ಹಲಗೆಯಾದರೆ ಇನ್ನೂ ಲೇಸು.

ಉಳಿದ ಹಣವನ್ನು ಮುಳ್ಳಿಗೆ ಮೀಸಲಿಡುವುದು ವಿಹಿತ. ಸವೆದ ವಜ್ರವು ಗೀರನ್ನು ಕೆರೆದು ಹಾಕಿದ ಬಳಿಕ ಆ ರೆಕಾರ್ಡನ್ನು ಯಾವ ಹಾಸೂ ಉದ್ಧರಿಸಲಾರದು. ಧೂಳೊರಸುವ ಕಾರ್ಬನ್ ನಾರಿನ ಕುಂಚವೂ ಹಾಸಿಗಿಂತ ಮೊದಲೇ ಕೊಳ್ಳತಕ್ಕ ವಸ್ತು. ಚಿಂಚೋಳಿಯ ಕಡೆ ಮಳೆಗಾಲದಲ್ಲಿ ಗೋಡೆ ತೇವವಾಗುವ ಮನೆಯವರು ಮಾತ್ರ ಕಾರ್ಕನ್ನು ಬಿಟ್ಟು ರಬ್ಬರಿಗೇ ಹಣ ಹಾಕಲಿ. ತೇವದ ಕಾರ್ಕಿಗೆ ಬೂಷ್ಟು ಹಿಡಿಯುತ್ತದೆ.