ಪಾಠಶಾಲೆಯ ಫಲವನ್ನು ಅಳೆಯುವ ಬಗೆ

ಪ್ರತಿ ವರುಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ದಾವಣಗೆರೆ, ಹರಿಹರಗಳ ಮನೆಗಳಲ್ಲಿ ಒಂದು ಪ್ರಶ್ನೆಯೇಳುತ್ತದೆ: ಸರ್ಕಾರೀ ಪಾಠಶಾಲೆ ಮೇಲೋ, ಖಾಸಗೀ ಪಾಠಶಾಲೆ ಮೇಲೋ? ಹರಿಹರ ತಾಲ್ಲೂಕಿನ ಸಾರಥಿಯಂತಹ ಗ್ರಾಮದ ತಾಯ್ತಂದೆಗಳಿಗೆ ಇದು ಬರಿಯ ಚರ್ಚೆಯ ಮಾತಲ್ಲ. ಬೆಳೆ ಮಾರಿ ಬಂದ ಹಣವನ್ನು ಯಾವ ಮಗುವಿಗಾಗಿ, ಎಲ್ಲಿ ವೆಚ್ಚಮಾಡಬೇಕೆಂಬ ಮಾತು. ಆದಕಾರಣ ಶಾಲೆಯ ಫಲವನ್ನು ಅಳೆಯತಕ್ಕ ಕ್ರಮವನ್ನು ನಾವು ಇಲ್ಲಿ ಸ್ವಲ್ಪ ವಿಚಾರಿಸೋಣ.

ಭದ್ರಾ ನಾಲೆಯ ನೀರುಣ್ಣುವ ಗದ್ದೆಯ ರಾಶಿಯನ್ನೂ ಮಳೆಯನ್ನೇ ನಂಬಿದ ಹೊಲದ ರಾಶಿಯನ್ನೂ ಒಟ್ಟಿಗೆ ಅಳೆದು, ಗದ್ದೆಯವನೇ ಜಾಣನಾದ ಬೇಸಾಯಗಾರನೆಂದು ನಮ್ಮ ಸೀಮೆಯ ಯಾವ ರೈತನೂ ತೀರ್ಪು ಕೊಡನು. ಶಾಲೆಗಳ ವಿಷಯದಲ್ಲಿ ಮಾತ್ರ ನಾವು ಈ ತಪ್ಪನ್ನು ಮಾಡುತ್ತಲೇ ಇರುತ್ತೇವೆ. ಒಂದು ಶಾಲೆಗೆ 70 ಅಂಕದ ಯೋಗ್ಯತೆಯುಳ್ಳ ಮಕ್ಕಳು ಬಂದು 85 ಅಂಕ ಪಡೆದು ಹೊರಟರೆಂದೂ, ಇನ್ನೊಂದಕ್ಕೆ 30ರ ಯೋಗ್ಯತೆಯುಳ್ಳವರು ಬಂದು 60 ಪಡೆದರೆಂದೂ ಎಣಿಸಿಕೊಳ್ಳೋಣ. ಊರವರು ಹೊಗಳುವುದು ಮೊದಲನೆಯದನ್ನು. ಆದರೆ ಅದು ಕೂಡಿಸಿದ್ದು 15, ಎರಡನೆಯದು ಕೂಡಿಸಿದ್ದು 30. ಓದುಬರಹ ಬಲ್ಲ ತಾಯಿ, ಮನೆಪಾಠ, ಹೊಟ್ಟೆತುಂಬ ಊಟ, ಇವುಗಳ ಪಾಲನ್ನು ಕಳೆದಲ್ಲದೆ ಶಾಲೆಯ ಪಾಲು ತಿಳಿಯದು.

ಎರಡನೆಯದಾಗಿ, ನಡುವೆ ಬಿಟ್ಟುಹೋದವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಂಟನೆಯ ತರಗತಿಗೆ 50 ಹುಡುಗಿಯರು ಸೇರಿ, ಅವರಲ್ಲಿ 40 ಮಂದಿ ಮಾತ್ರ ಪರೀಕ್ಷೆಗೆ ಕುಳಿತು, 38 ಮಂದಿ ತೇರ್ಗಡೆಯಾದರೆ, ಫಲಕದ ಮೇಲೆ ನೂರಕ್ಕೆ 95 ಎಂದು ಬರೆಯುವುದುಂಟು. ಸೇರಿದವರ ಲೆಕ್ಕದಲ್ಲಿ ಅದು 76 ಮಾತ್ರ. ಮದುವೆಗೋ ಕೂಲಿಗೋ ಹೋದ ಆ ಹತ್ತು ಮಂದಿಯನ್ನು ಮರೆತ ಲೆಕ್ಕವು ಹೆಣ್ಣುಮಕ್ಕಳ ಶಾಲೆಗೆ ಒಪ್ಪುವ ಲೆಕ್ಕವಲ್ಲ.

ಮನೆಯ ಪಾಲನ್ನು ಬೇರ್ಪಡಿಸಿ ನೋಡುವ ಪ್ರಯತ್ನವೊಂದು ನೆರೆಯ ಆಂಧ್ರಪ್ರದೇಶದಲ್ಲಿ 2008ರಲ್ಲಿ ಆರಂಭವಾಯಿತು. 180 ಹಳ್ಳಿಗಳನ್ನೊಳಗೊಂಡ ಆ ಪ್ರಯೋಗದಲ್ಲಿ, ಅರ್ಜಿ ಹಾಕಿದವರೊಳಗೆ ಚೀಟಿಯೆತ್ತಿ ಕೆಲವು ಮಕ್ಕಳಿಗೆ ಖಾಸಗೀ ಶಾಲೆಯ ವೆಚ್ಚವನ್ನು ಕೊಡಲಾಯಿತು. ಆರಿಸಿದ್ದು ಅದೃಷ್ಟವೇ ಹೊರತು ಮನೆಯ ಸ್ಥಿತಿಯಲ್ಲ. ಆದುದರಿಂದ ಹೋಲಿಕೆ ನ್ಯಾಯವಾದುದು. ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಎಂಬ ವಿದ್ವಾಂಸರು 2015ರಲ್ಲಿ ಪ್ರಕಟಿಸಿದಂತೆ, ನಾಲ್ಕು ವರುಷಗಳ ತರುವಾಯ ತೆಲುಗಿನಲ್ಲಿಯೂ ಗಣಿತದಲ್ಲಿಯೂ ಎರಡು ಪಂಗಡಗಳಿಗೆ ಭೇದ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗೀ ಶಾಲೆಗೆ ಹೋದವರು ಬಹಳ ಮುಂದಿದ್ದರು. ಖಾಸಗೀ ಶಾಲೆಗಳು ತೆಲುಗು, ಗಣಿತಗಳಿಗೆ ಕೊಟ್ಟ ಹೊತ್ತು ಕಡಮೆ. ಮಗುವೊಂದಕ್ಕೆ ತಗಲಿದ ವೆಚ್ಚವಂತೂ ಸರ್ಕಾರೀ ಶಾಲೆಯದರ ಮೂರನೆಯ ಒಂದು ಪಾಲಿಗಿಂತಲೂ ಕಡಮೆ.

ಇದರಿಂದ ಎರಡೂ ಪಕ್ಷದವರು ಕಲಿಯತಕ್ಕದ್ದುಂಟು. ಶುಲ್ಕ ತೆತ್ತ ಮಾತ್ರದಿಂದ ಮಾತೃಭಾಷೆಯೂ ಲೆಕ್ಕವೂ ಹೆಚ್ಚಾಗಿ ಬರಲಿಲ್ಲ. ಹೆಚ್ಚು ಹಣ ಸುರಿದ ಮಾತ್ರದಿಂದ ಸರ್ಕಾರೀ ಶಾಲೆಯ ಫಲವೂ ಹೆಚ್ಚಲಿಲ್ಲ. ಆದರೆ ಅಲ್ಲಿನ ಆ ಅಲ್ಪವೆಚ್ಚಕ್ಕೆ ಉಪಾಧ್ಯಾಯರ ಅಲ್ಪವೇತನವೇ ಮುಖ್ಯ ಕಾರಣವೆಂಬುದನ್ನು ಮರೆಯಲಾಗದು. ನಮ್ಮ ರಾಜ್ಯದಲ್ಲಿ ಆಡಳಿತ ಖಾಸಗಿಯವರದಾಗಿ, ಉಪಾಧ್ಯಾಯರ ವೇತನ ಸರ್ಕಾರದ್ದಾಗಿರುವ ಅನುದಾನಿತ ಶಾಲೆಗಳೂ ಇರುವುದರಿಂದ, ಹೆಸರನ್ನು ನೋಡಿ ಗುಣವನ್ನು ನಿರ್ಣಯಿಸುವುದು ಇನ್ನೂ ಕಠಿಣ.

ಆದಕಾರಣ ಪೋಷಕರು ಯಾವ ಶಾಲೆಯನ್ನಾದರೂ ಮೂರು ಪ್ರಶ್ನೆ ಕೇಳಲಿ: ಬಂದಾಗ ಮಗು ಎಷ್ಟು ಬಲ್ಲುದಾಗಿತ್ತು, ಈಗ ಎಷ್ಟು ಬಲ್ಲುದು? ಸೇರಿದವರಲ್ಲಿ ಕಡೆಯವರೆಗೆ ಉಳಿದವರೆಷ್ಟು? ಇದಕ್ಕೆ ತಗಲಿದ ವೆಚ್ಚವೆಷ್ಟು, ಅದನ್ನು ತೆತ್ತವರಾರು? ಮಗನಿಗೆ ಶುಲ್ಕದ ಶಾಲೆ, ಮಗಳಿಗೆ ಶುಲ್ಕವಿಲ್ಲದ ಶಾಲೆ ಎಂದು ಲೆಕ್ಕ ನೋಡದೆಯೇ ಹಂಚುವ ಪದ್ಧತಿ ಇನ್ನೂ ಅನೇಕ ಮನೆಗಳಲ್ಲಿದೆ. ಹಳೆಯ ವಿದ್ಯಾರ್ಥಿನಿಯರೇ, ಇಂದು ನೀವೇ ತಾಯಂದಿರು. ಮಗಳ ಶಾಲೆಯನ್ನು ಮಗನ ಶುಲ್ಕ ಕಳೆದು ಉಳಿದ ಹಣದಿಂದಲ್ಲ, ಈ ಮೂರು ಪ್ರಶ್ನೆಗಳಿಂದ ಆರಿಸಿರಿ.