ಗೇಣಿ ರಸೀದಿ ಕೇಳಿ ಪಡೆಯಿರಿ

ಕೊಟ್ಟ ಹಣಕ್ಕೆ ಚೀಟಿ ಕೇಳಿದರೆ ಒಡೆಯರು ಮುನಿದಾರು ಎಂಬ ಸಂಕೋಚ ನಮ್ಮ ಹಳ್ಳಿಗಳಲ್ಲಿ ಬಹಳ ಹಳೆಯದು. ಆದರೆ ರಸೀದಿ ಎಂಬುದು ಒಡೆಯರ ಔದಾರ್ಯವಲ್ಲ. 1948ರ ಮುಂಬಯಿ ಗೇಣಿ ಮತ್ತು ಕೃಷಿ ಜಮೀನು ಕಾಯಿದೆಯು, ಗೇಣಿಯನ್ನು ನಗದಾಗಿ ಪಡೆದ ಒಡೆಯನು ಪಡೆದ ಹೊತ್ತಿನಲ್ಲೇ ಲಿಖಿತ ರಸೀದಿ ಕೊಡತಕ್ಕದ್ದೆಂದು ವಿಧಿಸಿತ್ತು. ಆಗ ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ರೈತರಿಗೂ ಈ ಹಕ್ಕು ಇತ್ತು.

ಹಕ್ಕು ಕಾಗದದಲ್ಲಿತ್ತು, ರೂಢಿ ಬೇರೆಯಾಗಿತ್ತು. ಗೇಣಿ ಹೆಚ್ಚಾಗಿ ಕಾಳಿನಲ್ಲೇ ಸಲ್ಲುತ್ತಿತ್ತು. ಕಣದಲ್ಲಿ ಅಳೆದು ಕೊಟ್ಟ ಧಾನ್ಯದ ಲೆಕ್ಕ ಒಡೆಯರ ಖಾತೆ ಪುಸ್ತಕದಲ್ಲಿ ಉಳಿಯಿತೇ ಹೊರತು ಒಕ್ಕಲಿನ ಕೈಗೆ ಏನೂ ಬರಲಿಲ್ಲ.

ಇದರ ಫಲ ತಿಳಿದದ್ದು ಭೂಸುಧಾರಣೆಯ ಕಾಲಕ್ಕೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ತಾವೇ ಗೇಣಿಗೆ ಉಳುತ್ತಿದ್ದೆವೆಂದು ತೋರಿಸಬೇಕಾಯಿತು. ಅರ್ಜಿಯ ಅವಧಿ 1979ರ ಜೂನ್ 30ರವರೆಗೂ ಮುಂದುವರಿಯಿತು. ರಸೀದಿ ಇಲ್ಲದವರು ಪಹಣಿಯ ಸಾಗುವಳಿದಾರರ ಕಾಲಂ ಮತ್ತು ನೆರೆಹೊರೆಯವರ ಸಾಕ್ಷಿಯನ್ನೇ ನೆಚ್ಚಬೇಕಾಯಿತು. ಪಹಣಿಯಲ್ಲಿ ಒಡೆಯರ ಹೆಸರೇ ಇದ್ದರೆ ಕಷ್ಟ ಇನ್ನೂ ಹೆಚ್ಚು. ಏಕೆಂದರೆ ಸುಳ್ಳೆಂದು ಸಾಬೀತಾಗುವವರೆಗೆ ಪಹಣಿಯ ನಮೂದನ್ನು ನಿಜವೆಂದು ಭಾವಿಸುವುದು ಕಾನೂನಿನ ನಿಯಮ. ಸರ್ವೆ ನಂಬರೂ ವರ್ಷವೂ ಇಲ್ಲದೆ ‘ಇಷ್ಟು ರೂಪಾಯಿ ಸಂದಿತು’ ಎಂದಷ್ಟೇ ಬರೆದ ಚೀಟಿಯೂ ಅರೆ ರಸೀದಿಯೇ. ಅದು ಹಳೆಯ ಸಾಲದ ಹಣವೆಂದು ಎದುರಾಳಿ ವಾದಿಸಿದರೆ ಉತ್ತರ ಹೇಳುವುದು ಸುಲಭವಲ್ಲ.

ಇಂದು ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದು, ಸೈನಿಕರು ಮೊದಲಾದ ಕೆಲವರನ್ನು ಬಿಟ್ಟರೆ, ಕರ್ನಾಟಕದಲ್ಲಿ ನಿಷಿದ್ಧ. ಆದರೂ ಬಾಯಿಮಾತಿನ ಗೇಣಿ, ಲಾವಣಿ, ಕೋರು ನಡೆಯುತ್ತಲೇ ಇವೆ ಎಂಬುದು ಎಲ್ಲರಿಗೂ ಗೊತ್ತು. ಅಂಥ ಕಡೆ ರಸೀದಿ ಸಿಕ್ಕರೂ ಅದು ಗೇಣಿ ಹಕ್ಕನ್ನು ಹುಟ್ಟಿಸುವುದಿಲ್ಲ.

ರೈತರಿಗೆ ರಸೀದಿ ಈಗ ಬೇಕಾಗುವುದು ಹೆಚ್ಚಾಗಿ ಪೇಟೆಯ ಗೋದಾಮು, ಅಂಗಡಿ ಮಳಿಗೆ, ಓದುವ ಮಕ್ಕಳಿಗೆ ಹಿಡಿದ ಮನೆಗಳಿಗೆ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ತಾನು ಅನ್ವಯಿಸುವ ಕಟ್ಟಡಗಳ ಬಾಡಿಗೆದಾರರಿಗೆ, ಹಣ ಕೊಟ್ಟೊಡನೆ ಸಹಿ ಮಾಡಿದ ರಸೀದಿ ಪಡೆಯುವ ಹಕ್ಕು ಕೊಟ್ಟಿದೆ. ಯಾವ ಕಟ್ಟಡ, ಯಾವ ತಿಂಗಳಿನ ಬಾಡಿಗೆ, ಮೊತ್ತ, ತಾರೀಖು, ಪಡೆದವರ ಸಹಿ ಇಷ್ಟೂ ಅದರಲ್ಲಿರಲಿ. ತಿಂಗಳನ್ನು ಬರೆಸಲು ಮರೆಯುವವರೇ ಹೆಚ್ಚು. ಮುಂಗಡದ ಹಣಕ್ಕೆ ಬೇರೆಯೇ ರಸೀದಿ ಬೇಕು. ಜಗಳ ಹುಟ್ಟುವುದು ಬಹಳ ಸಲ ಅಲ್ಲಿಯೇ. ನಗದು 5000 ರೂಪಾಯಿ ಮೀರಿದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸಿರಿ.

ಚೀಟಿ ಕೊಡಲು ಒಪ್ಪದವರಿಗೆ ನಗದು ಕೊಡದೆ ಬ್ಯಾಂಕಿನ ಮೂಲಕವೇ ಹಣ ಕಳಿಸಿರಿ. ಬಾಕಿ ಬಾಡಿಗೆಗೆ ದಾವೆ ಹೂಡಲು 3 ವರ್ಷಗಳ ಕಾಲಾವಕಾಶ ಇರುವುದರಿಂದ, ಮನೆ ಬಿಟ್ಟು ಬಂದ ಮೇಲೂ ಅಷ್ಟು ಕಾಲ ಈ ಕಾಗದಗಳನ್ನು ಪಹಣಿ, ಖಾತೆ ಪತ್ರಗಳ ಜೊತೆಯಲ್ಲೇ ಜೋಪಾನವಾಗಿಡತಕ್ಕದ್ದು.