ಸಾವಿರ ತುಂಡು, ಒಂದು ಚಿತ್ರ: ದೊಡ್ಡವರಿಗೊಂದು ಜಿಗ್ಸಾ ಪಾಠ



"ಜಿಗ್ಸಾ ಪಜಲ್ ಅಂದ್ರೆ ಮಕ್ಕಳ ಆಟ ಅಲ್ವಾ?" ನಮ್ಮ ಸೇಂಟ್ ಲೂಸಿಯಾದ ಮನೆಗೆ ಬಂದು ಊಟದ ಮೇಜಿನ ಮೇಲೆ ಹರಡಿದ ತುಂಡುಗಳನ್ನು ನೋಡಿದ ಗೆಳೆಯರೆಲ್ಲರೂ ಕೇಳುವ ಪ್ರಶ್ನೆ ಇದು. ಕೇಳಿದವರೇ ಐದು ನಿಮಿಷದ ನಂತರ ಕಾಫಿ ಲೋಟ ಪಕ್ಕಕ್ಕಿಟ್ಟು, "ಈ ನೀಲಿ ತುಂಡು ಇಲ್ಲಿಗೆ ಬರುತ್ತೆ ನೋಡಿ" ಎಂದು ಕುರ್ಚಿ ಎಳೆದುಕೊಳ್ಳುತ್ತಾರೆ! ಅಡಿಲೇಡ್ ಮತ್ತು ಪರ್ತ್‌ನಲ್ಲಿರುವವರಿಗೆ ಚಳಿಗಾಲದ ಮಳೆ, ಬ್ರಿಸ್ಬೇನಿನಲ್ಲಿರುವ ನಮಗೆ ಬೇಸಿಗೆಯ ಸಂಜೆಯ ಗುಡುಗುಮಳೆ. ಹೊರಗೆ ಹೋಗಲಾಗದ ಅಂಥ ಹೊತ್ತಿಗೆ ಟಿವಿ, ಮೊಬೈಲು ಬಿಟ್ಟು ಮನೆಮಂದಿಯೆಲ್ಲ ಸೇರಿ ಮಾಡಬಹುದಾದ ಈ ಹವ್ಯಾಸದ ಬಗ್ಗೆ ಒಂದು ಪುಟ್ಟ ಪಾಠ ಇಲ್ಲಿದೆ.

ಹುಟ್ಟಿದ್ದು ಭೂಗೋಳದ ಪಾಠಕ್ಕೆ

ಜಿಗ್ಸಾ ಹುಟ್ಟಿದ್ದು ಮಕ್ಕಳಿಗಾಗಿಯೇ ಎನ್ನುವುದು ನಿಜ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆಗಾರ ತೆಳು ಮರದ ಹಲಗೆಗೆ ಭೂಪಟ ಅಂಟಿಸಿ, ದೇಶಗಳ ಗಡಿಯುದ್ದಕ್ಕೂ ಕತ್ತರಿಸಿ ಮಾರಿದ. ಮಕ್ಕಳು ದೇಶಗಳನ್ನು ಜೋಡಿಸುತ್ತಾ ಭೂಗೋಳ ಕಲಿಯಲಿ ಎಂಬುದು ಉದ್ದೇಶ. 'ಜಿಗ್ಸಾ' ಎಂಬ ಹೆಸರು ಬಂದದ್ದು ಬಹಳ ತಡವಾಗಿ, ಅದೂ ಒಂದು ಬಗೆಯ ಗರಗಸದ ಹೆಸರಿನಿಂದ.

ದೊಡ್ಡವರಿಗೆ ಇದರ ಹುಚ್ಚು ಹಿಡಿದದ್ದು 20ನೇ ಶತಮಾನದ ಮೊದಲ ದಶಕದಲ್ಲಿ, ಅಮೆರಿಕದಲ್ಲಿ. ಆಗ ಮರದ ಪಜಲ್‌ಗಳು ದುಬಾರಿ, ಶ್ರೀಮಂತರ ಆಟ. 1930ರ ದಶಕದ ಆರ್ಥಿಕ ಕುಸಿತದ ಹೊತ್ತಿಗೆ ರಟ್ಟಿನ ಹಾಳೆಯನ್ನು ಅಚ್ಚಿನಿಂದ ಒಂದೇ ಸಲಕ್ಕೆ ಕತ್ತರಿಸುವ ವಿಧಾನ ಬಂದು ಬೆಲೆ ಇಳಿಯಿತು. ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತವರಿಗೆ, ಕೆಲವು ಬಿಡಿಗಾಸಿಗೆ ಹಲವು ಸಂಜೆಗಳು ಕಳೆಯುವ ದಾರಿ ಸಿಕ್ಕಿತು. ಕಷ್ಟಕಾಲಕ್ಕೂ ಜಿಗ್ಸಾಗೂ ಅಂದಿನಿಂದ ನಂಟು. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ನಿರ್ಬಂಧ ಹೇರುವಾಗ, ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ಅವರು ಜಿಗ್ಸಾ ಪಜಲ್ ಕೂಡ ಅತ್ಯಗತ್ಯ ವಸ್ತುವೇ ಎಂದದ್ದು ಇಲ್ಲಿರುವ ನಮಗೆಲ್ಲಾ ನೆನಪಿರಬಹುದು.

ನಮ್ಮ ಮೈಸೂರಿನ ದಾಯಾದಿ

ನಮ್ಮ ನಾಡಿನಲ್ಲಿ ಇಂಥದ್ದು ಇರಲಿಲ್ಲವೇ ಎಂದು ಕೇಳಿದರೆ, ಎರಡು ನಂಟುಗಳು ನೆನಪಿಗೆ ಬರುತ್ತವೆ.

ಮೊದಲನೆಯದು ಮೈಸೂರಿನ ಬೀಟೆಮರದ ಇನ್‌ಲೇ ಕೆಲಸ. ಕುಶಲಕರ್ಮಿಗಳು ಬೇರೆ ಬೇರೆ ಬಣ್ಣದ ಮರಗಳನ್ನು ಸಣ್ಣ ಗರಗಸದಿಂದ ಆನೆ, ಹೂವು, ಬೆಟ್ಟದ ಆಕಾರಕ್ಕೆ ಕತ್ತರಿಸುತ್ತಾರೆ. ಬೀಟೆ ಹಲಗೆಯಲ್ಲಿ ಅಷ್ಟೇ ಅಳತೆಯ ಗುಳಿ ತೋಡಿ ಕೂರಿಸುತ್ತಾರೆ. ಅರಮನೆಯ ಬಾಗಿಲುಗಳಲ್ಲಿ ಇದೇ ಕೆಲಸ ದಂತದಲ್ಲಿ ಆಗಿದೆ. ಸಾಧನವೂ ಒಂದೇ, ಕೌಶಲವೂ ಒಂದೇ. ಒಂದೇ ವ್ಯತ್ಯಾಸವೆಂದರೆ, ಮೈಸೂರಿನವರು ಅಂಟು ಹಾಕಿ ಮುಗಿಸುತ್ತಾರೆ, ಲಂಡನ್ನಿನವರು ಬಿಡಿಬಿಡಿಯಾಗಿ ಡಬ್ಬಿಗೆ ತುಂಬಿ ನಮಗೆ ಕೊಡುತ್ತಾರೆ!

ಎರಡನೆಯದು ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868). ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟುವಂತೆ ನಡೆಸುವ ಬಂಧಗಳನ್ನು ರಚಿಸುವುದು ಅವರ ಹವ್ಯಾಸ. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ 'ಕೌತುಕನಿಧಿ' ಇಂಥ ಆಟಗಳಿಗೇ ಮೀಸಲು. ಆದ್ದರಿಂದ ಒಗಟು ಬಿಡಿಸುವುದು ದೊಡ್ಡವರ ಘನತೆಗೆ ಕಡಿಮೆ ಎಂದು ಯಾರಾದರೂ ಅಂದರೆ, ಮಹಾರಾಜರ ಹೆಸರು ಹೇಳಿ!

ಈಗಿನ ಹೊಸ ಫ್ಯಾಷನ್

ಹಿಂದೆ ಜಿಗ್ಸಾ ಡಬ್ಬಿಯ ಮೇಲೆ ಇರುತ್ತಿದ್ದದ್ದು ಹೆಚ್ಚಾಗಿ ಹಿಮದ ಬೆಟ್ಟ, ಕೋಟೆ, ಬುಟ್ಟಿಯಲ್ಲಿ ಕುಳಿತ ಬೆಕ್ಕಿನ ಮರಿ. ಈಗಿನವು ಹಾಗಲ್ಲ. ಸಮಕಾಲೀನ ಕಲಾವಿದರ ಚಿತ್ರ, ಗೋಡೆಗೆ ತೂಗುಹಾಕುವಷ್ಟು ಸೊಗಸಾದ ಬಣ್ಣ, ಉಡುಗೊರೆ ಕೊಡುವಂಥ ಡಬ್ಬಿ. ಮೂರು ಬಗೆ ಹೇಳುತ್ತೇನೆ.

ಒಂದು, ಬರೀ ಬಣ್ಣದ ಪಜಲ್. ಆಸ್ಟ್ರೇಲಿಯಾ ಮೂಲದ ಕಲಾವಿದ ಕ್ಲೆಮೆನ್ಸ್ ಹಬಿಕ್ಟ್ ರೂಪಿಸಿದ '1000 ಕಲರ್ಸ್'ನಲ್ಲಿ ಚಿತ್ರವೇ ಇಲ್ಲ. ಸಾವಿರ ತುಂಡು, ಸಾವಿರ ಬಣ್ಣ. ಒಂದರಂತೆ ಇನ್ನೊಂದಿಲ್ಲ.

ಎರಡು, ಲೇಸರ್‌ನಿಂದ ಕತ್ತರಿಸಿದ ಮರದ ಪಜಲ್. ಅಮೆರಿಕದ ಲಿಬರ್ಟಿ ಪಜಲ್ಸ್‌ನಂಥವರ ಪಜಲ್‌ಗಳಲ್ಲಿ ಕೆಲವು ತುಂಡುಗಳೇ ಹಕ್ಕಿ, ಮನುಷ್ಯ, ಎಲೆಯ ಆಕಾರದಲ್ಲಿರುತ್ತವೆ.

ಮೂರು, ಕಂಪ್ಯೂಟರ್ ಪ್ರೋಗ್ರಾಂ ಬರೆದು ತುಂಡಿನ ಆಕಾರ ಹುಟ್ಟಿಸುವುದು. ನರ್ವಸ್ ಸಿಸ್ಟಮ್ ಎಂಬ ಅಮೆರಿಕದ ಸಂಸ್ಥೆಯ 'ಇನ್ಫಿನಿಟಿ ಪಜಲ್'ಗೆ ಅಂಚೂ ಇಲ್ಲ, ಮೂಲೆಯೂ ಇಲ್ಲ. ಒಂದು ಬದಿಯ ತುಂಡು ತೆಗೆದು ಎದುರು ಬದಿಗೆ ತಿರುವಿ ಹಾಕಿದರೂ ಕೂರುತ್ತದೆ. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದು ಹೋಳಿಗೆ ಊಟ!

ಸ್ವಲ್ಪ ಲೆಕ್ಕ

ಇನ್ನು ಪಾಠಕ್ಕೆ ಬರೋಣ. ಸಾವಿರ ತುಂಡಿನ ಪಜಲ್ ಅನೇಕ ಸಲ 38 x 27 ಸಾಲಿನಲ್ಲಿರುತ್ತದೆ, ಅಂದರೆ ನಿಜಕ್ಕೂ 1026 ತುಂಡು. ಇದರಲ್ಲಿ ಅಂಚಿನವು 126 (ಮೂಲೆಯ ನಾಲ್ಕೂ ಸೇರಿ), ಒಳಗಿನವು 900.

ಯಾವ ಉಪಾಯವೂ ಇಲ್ಲದೆ ಪ್ರತಿ ತುಂಡನ್ನೂ ಉಳಿದ ಪ್ರತಿ ತುಂಡಿನ ಜೊತೆ ಹಿಡಿದು ನೋಡುವುದಾದರೆ 5 ಲಕ್ಷದ 25 ಸಾವಿರಕ್ಕೂ ಹೆಚ್ಚು ಜೋಡಿಗಳಾಗುತ್ತವೆ. ಅದನ್ನೇ ಬಣ್ಣ ನೋಡಿ ಹತ್ತು ಗುಡ್ಡೆ ಮಾಡಿದರೆ? ಗುಡ್ಡೆಗೆ ಸುಮಾರು ನೂರು ತುಂಡು, ಸುಮಾರು 5 ಸಾವಿರ ಜೋಡಿ. ಹತ್ತು ಗುಡ್ಡೆಗೆ 50 ಸಾವಿರ. ಕೆಲಸ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು! ಆರಂಭದಲ್ಲಿ ಗುಡ್ಡೆ ಮಾಡಲು ಕಳೆದ ಒಂದು ಗಂಟೆ ಖಂಡಿತಾ ವ್ಯರ್ಥವಲ್ಲ.

ಇಲ್ಲೊಂದು ಸ್ವಾರಸ್ಯ. ಅಮೆರಿಕದ ಎಂ.ಐ.ಟಿ.ಯ ಎರಿಕ್ ಡಿಮೇನ್ ಮತ್ತು ಅವರ ತಂದೆ ಮಾರ್ಟಿನ್ ಡಿಮೇನ್ 2007ರಲ್ಲಿ ಒಂದು ವಿಷಯ ಸಾಧಿಸಿ ತೋರಿಸಿದರು. ಚಿತ್ರದ ಸಹಾಯವಿಲ್ಲದೆ, ಒಂದು ತುಂಡಿಗೆ ಹಲವು ತುಂಡುಗಳು ಹೊಂದುವಂತಿದ್ದರೆ, ಜಿಗ್ಸಾ ಬಿಡಿಸುವುದು 'ಎನ್‌ಪಿ-ಕಂಪ್ಲೀಟ್' ಸಮಸ್ಯೆ. ಅಂದರೆ ತುಂಡು ಹೆಚ್ಚಾದಂತೆ, ಎಲ್ಲ ಸಂದರ್ಭಕ್ಕೂ ಬೇಗ ಉತ್ತರ ಕೊಡುವ ವಿಧಾನ ಕಂಪ್ಯೂಟರಿಗೂ ಇದುವರೆಗೆ ಗೊತ್ತಿಲ್ಲ. ಡಬ್ಬಿಯ ಮೇಲಿನ ಚಿತ್ರ ಮತ್ತು ನಮ್ಮ ಕಣ್ಣು ಎಷ್ಟು ದೊಡ್ಡ ಸಹಾಯ ಎಂದು ಇದರಿಂದ ತಿಳಿಯುತ್ತದೆ.

ಬಿಡಿಸುವ ಕ್ರಮ

1. ಮೊದಲ ಪಜಲ್ 500 ತುಂಡಿನದಾಗಿರಲಿ. ಬಣ್ಣ ಮತ್ತು ವಸ್ತುಗಳು ಹೆಚ್ಚಿರುವ ಚಿತ್ರ ಆರಿಸಿ. ಇಡೀ ಆಕಾಶ, ಇಡೀ ಸಮುದ್ರ ಬೇಡ. ನಮ್ಮೂರಿನ ಜಕರಾಂಡ ಹೂವಿನ ಚಿತ್ರ ನೋಡಲು ಚೆಂದ, ಜೋಡಿಸಲು ಕೂತರೆ ಅಳು ಬರುತ್ತದೆ!

2. ಎಲ್ಲ ತುಂಡುಗಳನ್ನೂ ಮುಖ ಮೇಲಾಗಿ ಹರಡಿ. ಹಾಗೆ ಹರಡುವಾಗಲೇ ಅಂಚಿನವನ್ನು ಬೇರೆ ಮಾಡಿ.

3. ಉಳಿದವನ್ನು ಬಣ್ಣ ಮತ್ತು ಗೆರೆ ನೋಡಿ ಗುಡ್ಡೆ ಮಾಡಿ. ಇಡ್ಲಿ ತಟ್ಟೆ, ಬೇಕಿಂಗ್ ಟ್ರೇ ಯಾವುದಾದರೂ ಸರಿ.

4. ಅಂಚು ಜೋಡಿಸಿ. ನಂತರ ಅಕ್ಷರ, ಮುಖ, ಕಿಟಕಿಯಂಥ ಸ್ಪಷ್ಟ ಗುರುತಿರುವ ಭಾಗ ಮುಗಿಸಿ.

5. ಕೊನೆಗೆ ಉಳಿಯುವುದು ಒಂದೇ ಬಣ್ಣದ ಭಾಗ. ಅಲ್ಲಿ ಬಣ್ಣ ಬಿಟ್ಟು ಆಕಾರ ನೋಡಿ. ಸಾಮಾನ್ಯ ನಾಲ್ಕು ಬದಿಯ ತುಂಡಿನಲ್ಲಿ ಪ್ರತಿ ಬದಿಯೂ ಉಬ್ಬು ಅಥವಾ ತಗ್ಗು. ತಿರುಗಿಸಿ ನೋಡಿದರೆ ಒಟ್ಟು ಆರೇ ಜಾತಿ: ಉಬ್ಬೇ ಇಲ್ಲದ್ದು, ಒಂದು ಉಬ್ಬಿನದು, ಅಕ್ಕಪಕ್ಕ ಎರಡು, ಎದುರುಬದುರು ಎರಡು, ಮೂರು, ನಾಲ್ಕು. ಆರು ಸಾಲು ಮಾಡಿಟ್ಟುಕೊಂಡರೆ ಆಕಾಶವೂ ಬಗ್ಗುತ್ತದೆ.

6. ತುಂಡನ್ನು ಒತ್ತಿ ತೂರಿಸಬೇಡಿ. ಸರಿಯಾದದ್ದು ತಾನಾಗಿ ಕೂರುತ್ತದೆ. ಅನುಮಾನವಿದ್ದರೆ ಸಂದಿಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ.

ಅಜ್ಜಿ, ಮೊಮ್ಮಗಳು ಮತ್ತು ಕನ್ನಡ

ಈಗ ಮುಖ್ಯ ವಿಷಯ. ಊರಿಂದ ಅಪ್ಪ-ಅಮ್ಮ ಬಂದು ಕೆಲವು ತಿಂಗಳು ಇರುತ್ತಾರೆ. ಬೆಳಿಗ್ಗೆ ಎಂಟಕ್ಕೆ ನಾವು ಕೆಲಸಕ್ಕೆ, ಮಕ್ಕಳು ಶಾಲೆಗೆ. ಮನೆಯಲ್ಲಿ ಅವರು ಮತ್ತು ಗೋಡೆ ಗಡಿಯಾರ. ಸಂಜೆ ಮಕ್ಕಳು ಬಂದರೆ "ಊಟ ಆಯ್ತಾ?" "ಹೂಂ". ಅಲ್ಲಿಗೆ ಸಂಭಾಷಣೆ ಮುಕ್ತಾಯ. ಪ್ರೀತಿ ಇಲ್ಲವೆಂದಲ್ಲ, ಮಾತಾಡಲು ಇಬ್ಬರಿಗೂ ಸೇರಿದ ವಿಷಯವಿಲ್ಲ.

ಕಳೆದ ಸಲ ಅಮ್ಮ ಬಂದಾಗ ಮೇಜಿನ ಮೇಲೆ ಬಣ್ಣದ ಪಜಲ್ ಒಂದನ್ನು ಹರಡಿಟ್ಟೆವು. ನನಗೆ ಅದರಲ್ಲಿ ಕಂಡದ್ದು ಕೆಂಪು, ನೀಲಿ, ಹಸಿರು ಅಷ್ಟೇ. ಅಮ್ಮನಿಗೆ ಕಂಡದ್ದು ಕನಕಾಂಬರ, ಗಿಳಿಹಸಿರು, ನವಿಲುಗತ್ತು, ಈರುಳ್ಳಿ ಸಿಪ್ಪೆ, ಬದನೇಕಾಯಿ! ನಲವತ್ತು ವರ್ಷ ಸೀರೆ ಅಂಗಡಿಯಲ್ಲಿ ಬಣ್ಣ ಆರಿಸಿದ ಕಣ್ಣು ಅದು. ಚುಕ್ಕಿ ಎಣಿಸಿ ರಂಗೋಲಿ ಹಾಕಿದ ಕೈಗೆ ಸಾಲು ತಪ್ಪುವುದೂ ಇಲ್ಲ. ಎರಡು ದಿನದಲ್ಲಿ ನಮ್ಮ ಏಳು ವರ್ಷದ ಮಗಳು "ಅಜ್ಜಿ, ಈರುಳ್ಳಿ ಸಿಪ್ಪೆ ಇಲ್ಲಿದೆ" ಎಂದು ಹುಡುಕಿ ಕೊಡತೊಡಗಿದಳು. ತುಂಡಿನ ಉಬ್ಬಿಗೆ ಅಮ್ಮ 'ಕಿವಿ' ಎಂದು, ತಗ್ಗಿಗೆ 'ಬಾಯಿ' ಎಂದು ಹೆಸರಿಟ್ಟರು. "ಎರಡು ಕಿವಿ, ಎರಡು ಬಾಯಿ ಇರೋದು ಕೊಡು ಪುಟ್ಟಿ." "ಇದು ಕೂರ್ತಿಲ್ಲ ಅಜ್ಜಿ." "ತಿರುಗಿಸಿ ನೋಡು, ಕೂತ್ಕೊಳ್ಳುತ್ತೆ." ರಟ್ಟಿನ ತುಂಡೂ 'ಕೂತ್ಕೊಳ್ಳುತ್ತೆ' ಎಂದು ಕೇಳಿ ಮಗಳಿಗೆ ನಗುವೋ ನಗು.

ಗಮನಿಸಿ: ಮೇಲೆ, ಕೆಳಗೆ, ಪಕ್ಕದಲ್ಲಿ, ಅದರ ಒಳಗೆ, ಇದಕ್ಕಿಂತ ದೊಡ್ಡದು. ಕನ್ನಡ ತರಗತಿಯಲ್ಲಿ ನಾವು ಕಷ್ಟಪಟ್ಟು ಕಲಿಸುವ ವಿಭಕ್ತಿಗಳೆಲ್ಲ ಇಲ್ಲಿ ಬೇಕಾಗಿ ಬರುತ್ತವೆ. ತುಂಡು ಸಿಗಬೇಕಾದರೆ ಸರಿಯಾಗಿ ಕೇಳಲೇಬೇಕು! ಒಂದು ಪಜಲ್‌ನಿಂದ ಮಕ್ಕಳಿಗೆ ಕನ್ನಡ ಬಂದುಬಿಡುವುದಿಲ್ಲ, ನಿಜ. ಆದರೆ "ಹೂಂ" ದಾಟಿ ಮಾತು ಮುಂದೆ ಹೋಗುತ್ತದೆ. ಹಗಲು ಒಬ್ಬರೇ ಇದ್ದಾಗ ಅಮ್ಮ ಜೋಡಿಸಿದ ಭಾಗವನ್ನು ಮಗಳು ಶಾಲೆಯ ಚೀಲವನ್ನೂ ಇಳಿಸದೆ ಓಡಿ ಬಂದು ನೋಡುತ್ತಿದ್ದಳು.

ಹಿರಿಯರಿಗಾಗಿ ಎರಡು ಸೂಚನೆ. ಕಣ್ಣಿಗೆ ಶ್ರಮವಾಗದಂತೆ ದೊಡ್ಡ ತುಂಡಿನ 300 ಅಥವಾ 500ರ ಪಜಲ್ ತನ್ನಿ, ಮೇಜಿನ ಮೇಲೆ ಒಳ್ಳೆಯ ದೀಪವಿರಲಿ. ಬಗ್ಗಿ ಕೂತು ಕತ್ತು ನೋಯದಂತೆ ಗಂಟೆಗೊಮ್ಮೆ ಎಬ್ಬಿಸಿ, ಒಂದು ಲೋಟ ಕಾಫಿ ಕೊಡಿ.

ಖರ್ಚಿನ ಬಗ್ಗೆ

ಹೊಸ ವಿನ್ಯಾಸದ ಪಜಲ್‌ಗಳು ಅಗ್ಗವಲ್ಲ, ಮರದವಂತೂ ಬಹಳ ದುಬಾರಿ. ಆಪ್ ಶಾಪ್‌ಗಳಲ್ಲಿ ಬಳಸಿದವು ಕೆಲವೇ ಡಾಲರಿಗೆ ಸಿಗುತ್ತವೆ. ಒಂದೆರಡು ತುಂಡು ಕಳೆದಿರಬಹುದು, ಪರವಾಗಿಲ್ಲ. ಇನ್ನೂ ಒಳ್ಳೆಯ ದಾರಿ ಎಂದರೆ ಅದಲು ಬದಲು. ಜಿಗ್ಸಾ ಒಮ್ಮೆ ಮುಗಿಸಿದ ಮೇಲೆ ಸಾಮಾನ್ಯವಾಗಿ ಕಪಾಟು ಸೇರುತ್ತದೆ. ಮುಂದಿನ ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರುವಾಗ ನೀವು ಮುಗಿಸಿದ ಡಬ್ಬಿ ತನ್ನಿ, ಇನ್ನೊಬ್ಬರದು ಒಯ್ಯಿರಿ. ಡಬ್ಬಿಯೊಳಗೆ ಒಂದು ಚೀಟಿಯಲ್ಲಿ ಕಳೆದುಹೋದ ತುಂಡಿನ ಲೆಕ್ಕ ಮತ್ತು ನಿಮ್ಮ ಮನೆಯವರು ತುಂಡುಗಳಿಗೆ, ಬಣ್ಣಗಳಿಗೆ ಇಟ್ಟ ಕನ್ನಡ ಹೆಸರುಗಳನ್ನು ಬರೆದಿಡಿ. ನಮ್ಮ ಡಬ್ಬಿಯ ಚೀಟಿ ಸಿದ್ಧವಾಗಿದೆ.